ಗೋಲು ಬಿಡಿ, ಹೊಡೆತ ಎಣಿಸಿ: ಐಸ್ ಹಾಕಿ ತಂಡದ ಬಲ ಅಳೆಯುವುದು ಹೇಗೆ?

ಅಮೆರಿಕದ ಪೂರ್ವ ಕರಾವಳಿಯಲ್ಲಿ ಚಳಿಗಾಲದ ಸಂಜೆ 7ಕ್ಕೆ ಶುರುವಾಗುವ ಎನ್‌ಎಚ್‌ಎಲ್ (ಅಮೆರಿಕ-ಕೆನಡಾದ ಐಸ್ ಹಾಕಿ ಲೀಗ್) ಪಂದ್ಯ ಕಾರವಾರದಲ್ಲಿ ಕೂತವರಿಗೆ ಬೆಳಗಿನ 5.30ಕ್ಕೆ ಸಿಗುತ್ತದೆ. ನೋಡುವ ಹುಚ್ಚು ಹತ್ತಿದ್ದರೆ ಪಕ್ಕದಲ್ಲಿ ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಪಾಯಿಂಟ್ಸ್ ಪಟ್ಟಿ ಹೇಳುವುದು ಆಗಿಹೋದ ಕಥೆ. ಮುಂದೆ ಯಾರು ಗೆಲ್ಲಬಹುದು ಅಂತ ತಿಳಿಯಲು ಬೇರೆ ಲೆಕ್ಕ ಬೇಕು.

ಪುಟದ ನಡುವೆ ಗೆರೆ ಎಳೆದು ಎರಡು ತಂಡಗಳ ಹೆಸರು ಬರೆಯಿರಿ. ಯಾರೇ ಗೋಲಿನತ್ತ ಪಕ್ (ಚೆಂಡಿನ ಬದಲಿಗಿರುವ ರಬ್ಬರ್ ಬಿಲ್ಲೆ) ಹೊಡೆದರೂ ಅವರ ಕಡೆ ಒಂದು ಗೀಟು ಹಾಕಿ. ಗೋಲಾಗಲಿ, ಗೋಲ್‌ಕೀಪರ್ ತಡೆಯಲಿ, ಗುರಿ ತಪ್ಪಲಿ, ನಡುವೆ ಯಾರಾದರೂ ಮೈ ಅಡ್ಡ ಹಾಕಲಿ, ಎಲ್ಲವೂ ಲೆಕ್ಕಕ್ಕೆ. ಇದೇ ಕೋರ್ಸಿ. ಬಫಲೋ ಸೇಬರ್ಸ್ ತಂಡದ ಗೋಲ್‌ಕೀಪಿಂಗ್ ಕೋಚ್ ಆಗಿದ್ದ ಜಿಮ್ ಕೋರ್ಸಿ ಅವರ ಹೆಸರು ಇದಕ್ಕೆ ಬಂದಿದೆ. ಉದಾಹರಣೆಗೆ ಒಂದು ಕಡೆ 55, ಇನ್ನೊಂದು ಕಡೆ 45 ಗೀಟು ಬಿದ್ದರೆ ಮೊದಲ ತಂಡದ ಕೋರ್ಸಿ ಶೇ 55. ಇಡೀ ಸೀಸನ್‌ ಹೀಗೇ ಇದ್ದರೆ ಅದು ಬಹಳ ಗಟ್ಟಿ ತಂಡ.

ಗೋಲ್‌ಕೀಪರ್ ಬಿಟ್ಟು ಎರಡೂ ಕಡೆ ಐದೈದು ಆಟಗಾರರು ಇರುವಾಗ ಮಾತ್ರ ಎಣಿಸಿ. ಪೆನಾಲ್ಟಿಯಿಂದ ಒಬ್ಬ ಹೊರಗೆ ಕೂತಾಗ ಎದುರಾಳಿ ಜಾಸ್ತಿ ಹೊಡೆಯುವುದು ಸಹಜ ಅಲ್ವಾ? ಹಾಗೆಯೇ, ಮುಂದಿರುವ ತಂಡ ಗೋಲು ಕಾಯುತ್ತಾ ಹಿಂದೆ ಸರಿಯುತ್ತದೆ, ಸೋಲುತ್ತಿರುವವರು ಸುಮ್ನೆ ಹೊಡೆಯುತ್ತಲೇ ಇರುತ್ತಾರೆ. ಅದಕ್ಕೇ ಸ್ಕೋರ್ ಸಮ ಇದ್ದಾಗಿನ ಗೀಟುಗಳನ್ನು ಬೇರೆ ಬಣ್ಣದ ಪೆನ್ನಿನಲ್ಲಿ ಹಾಕುವುದು ಒಳ್ಳೆಯದು.

ಈಗ ನನಗೆ ತುಂಬಾ ಇಷ್ಟವಾದ ಭಾಗ, ಅದೃಷ್ಟದ ಅಳತೆ. ಗೋಲಿನ ಬಾಯಿಗೆ ಹೋದ ಶಾಟ್‌ಗಳಲ್ಲಿ ತಂಡ ಶೇಕಡಾ ಎಷ್ಟನ್ನು ಗೋಲು ಮಾಡಿತು ನೋಡಿ. ಅದಕ್ಕೆ ತನ್ನ ಗೋಲ್‌ಕೀಪರ್ ಶೇಕಡಾ ಎಷ್ಟು ತಡೆದ ಅನ್ನುವುದನ್ನು ಕೂಡಿಸಿ. ಇದರ ಹೆಸರು ಪಿಡಿಒ. ಇಡೀ ಲೀಗಿನ ಸರಾಸರಿ 100 ಆಗಲೇಬೇಕು, ಯಾಕಂದ್ರೆ ಒಬ್ಬರ ಗೋಲು ಇನ್ನೊಬ್ಬರ ಗೋಲ್‌ಕೀಪರ್ ಬಿಟ್ಟದ್ದೇ. ಒಂದು ತಂಡ 10 ಮತ್ತು 93 ಸೇರಿ 103ರಲ್ಲಿ ಓಡುತ್ತಿದ್ದರೆ ಎಚ್ಚರ, ಅದು ಹೆಚ್ಚಾಗಿ ಕೆಳಗಿಳಿಯುತ್ತದೆ.

2013-14ರ ಟೊರೊಂಟೊ ಮೇಪಲ್ ಲೀಫ್ಸ್ ತಂಡವನ್ನೇ ನೋಡಿ. ಎದುರಾಳಿಗಳೇ ಜಾಸ್ತಿ ಹೊಡೆಯುತ್ತಿದ್ದರು, ಗೋಲ್‌ಕೀಪರ್‌ಗಳು ತಂಡವನ್ನು ಹೊತ್ತು ನಿಂತಿದ್ದರು. ಮಾರ್ಚ್ ಮಧ್ಯದವರೆಗೂ ಪ್ಲೇಆಫ್ ಸ್ಥಾನ ಕೈಯಲ್ಲೇ ಇತ್ತು. ಆಮೇಲೆ ಸತತ 8 ಸೋಲು, ಪ್ಲೇಆಫ್ ತಪ್ಪೇ ಹೋಯಿತು. 2011-12ರ ಲಾಸ್ ಏಂಜಲೀಸ್ ಕಿಂಗ್ಸ್ ಇದಕ್ಕೆ ಉಲ್ಟಾ. ಗೋಲು ಕಡಿಮೆ, ಹೊಡೆತ ಭರಪೂರ. ತಮ್ಮ ವಿಭಾಗದಲ್ಲಿ ಎಂಟನೆಯವರಾಗಿ ಪ್ಲೇಆಫ್‌ಗೆ ಬಂದು ಲೀಗಿನ ಚಾಂಪಿಯನ್ ಟ್ರೋಫಿಯಾದ ಸ್ಟ್ಯಾನ್ಲಿ ಕಪ್ ಗೆದ್ದೇಬಿಟ್ಟರು.

ಹಾಗಾಗಿ ಕೋರ್ಸಿ 50ಕ್ಕಿಂತ ಮೇಲೆ, ಪಿಡಿಒ 100ಕ್ಕಿಂತ ಕೆಳಗೆ ಇರುವ ತಂಡ ಹುಡುಕಿ. ಒಂದೆರಡು ಪಂದ್ಯ ಸಾಲದು, ಕನಿಷ್ಠ 20-25 ಪಂದ್ಯವಾದರೂ ಬೇಕು. ಎಲ್ಲ ಪಂದ್ಯ ನೋಡಲು ಆಗದಿದ್ದರೆ ಶಾಟ್‌ಗಳ ವಿವರ ಎನ್‌ಎಚ್‌ಎಲ್ ವೆಬ್‌ಸೈಟಿನಲ್ಲೇ ಇರುತ್ತದೆ.

ಗೀಟು ಹಾಕುವ ಕೈ ಪಳಗಬೇಕಾದರೆ ಕಾರವಾರದ ಮಾಲಾದೇವಿ ಮೈದಾನದಲ್ಲಿ ಫುಟ್‌ಬಾಲ್ ಇದ್ದಾಗ ನೋಟ್‌ಬುಕ್ ಹಿಡಿದು ಕೂರಿ. ಅಲ್ಲಿ ಹೊಡೆತ ಕಡಿಮೆ, ಹಾಗಾಗಿ ಒಂದೇ ಪಂದ್ಯದ ಶೇಕಡಾವಾರು ನಂಬಬೇಡಿ. ಇಡೀ ಟೂರ್ನಿಯ ಗೀಟು ಕೂಡಿಸಿದ ಮೇಲೆ ಲೆಕ್ಕ ಹಾಕಿ.