ಪಿಲಿಕುಳಕ್ಕೆ ಹೋಗಿಯೂ ಹುಲಿ ನೋಡದೆ ಬಂದೆವು

ದಸರಾ ರಜೆಯಲ್ಲಿ ಮಕ್ಕಳನ್ನು ನಮ್ಮ ಮಂಗಳೂರಿನ ಪಿಲಿಕುಳ ನಿಸರ್ಗಧಾಮದೊಳಗಿನ ವಿಜ್ಞಾನ ಕೇಂದ್ರಕ್ಕೆ ಕರೆದುಕೊಂಡು ಹೋಗುವುದೆಂದು ಮಾತಾದಾಗ ನಾನು ಒಂದೇ ಒಂದು ಷರತ್ತು ಹಾಕಿದೆ. ಆ ದಿನ ಮೃಗಾಲಯ ಇಲ್ಲ. ಹುಲಿಯೂ ಇಲ್ಲ, ಕಾಳಿಂಗ ಸರ್ಪವೂ ಇಲ್ಲ. ಯುಕೆಜಿಯಲ್ಲಿರುವ ಮಗನ ಮುಖ ಊದಿಕೊಂಡಿತು. ಮೂರನೇ ಕ್ಲಾಸಿನ ಮಗಳು, "ಹಾಗಾದ್ರೆ ಅಲ್ಲಿ ಎಂತ ಉಂಟು ನೋಡ್ಲಿಕ್ಕೆ?" ಎಂದಳು.

ಷರತ್ತಿಗೆ ಕಾರಣ ಇತ್ತು. ನಿಸರ್ಗಧಾಮ ಎಂದರೆ ಸುಮಾರು 370 ಎಕರೆ ಜಾಗ. ಮೃಗಾಲಯ, ಗುತ್ತುಮನೆ (ತುಳುನಾಡಿನ ಹಳೆಯ ಕಾಲದ ದೊಡ್ಡ ಮನೆ), ಕುಶಲಕರ್ಮಿಗಳ ಗ್ರಾಮ, ಕೆರೆಯಲ್ಲಿ ದೋಣಿ, ಎಲ್ಲ ಒಂದೇ ಕಡೆ. ಎಲ್ಲವನ್ನೂ ಒಂದೇ ದಿನ ಮುಗಿಸಲು ಹೊರಟವರನ್ನು ಸಂಜೆ ನಾಲ್ಕಕ್ಕೆ ನೋಡಬೇಕು. ಒಂದು ಮಗು ಹೆಗಲ ಮೇಲೆ ನಿದ್ದೆ, ಇನ್ನೊಂದು ನೆಲದ ಮೇಲೆ ರಂಪ. ಅದೂ ಅಲ್ಲದೆ, ಹುಲಿ ನೋಡಿ ಬಂದ ಹುಡುಗನಿಗೆ ರಾಟೆ ತೋರಿಸಿದರೆ ಅವನು ಯಾಕೆ ನೋಡ್ತಾನೆ, ಅಲ್ವಾ?

ಬೆಳಿಗ್ಗೆಯೇ ಹೊರಟೆವು. ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಕುಲಶೇಖರ, ವಾಮಂಜೂರು ದಾರಿಯಾಗಿ ಬಸ್ಸಿದೆ. ನಾವು ಅತ್ತೆಯನ್ನೂ ಕರೆದುಕೊಂಡು ಹೋದದ್ದರಿಂದ ಕಾರಿನಲ್ಲಿ ಹೋದೆವು. ಚೀಲದಲ್ಲಿ ಬನ್ಸ್, ನೀರು, ಮಗನಿಗೊಂದು ಜೊತೆ ಬಟ್ಟೆ, ಕೊಡೆ. ಅಕ್ಟೋಬರಿನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಯಾವಾಗ ಬೇಕಾದರೂ ಬರಬಹುದು. ಅಂಗಳದಲ್ಲಿರುವ ಆಟಗಳನ್ನು ಮೊದಲು ಮುಗಿಸಿ, ಆಮೇಲೆ ಒಳಗೆ ಹೋಗುವುದು ಅದಕ್ಕೇ ಒಳ್ಳೆಯದು.

ನನ್ನ ಲೆಕ್ಕದಲ್ಲಿ ಚಿಕ್ಕ ಮಕ್ಕಳ ಜೊತೆ ಹೋದಾಗ ಬೋರ್ಡ್ ಓದಿ ಹೇಳುವ ಕೆಲಸ ದೊಡ್ಡವರಿಗೆ ಬೇಡವೇ ಬೇಡ. ನಮ್ಮ ಪಕ್ಕದಲ್ಲೇ ಒಬ್ಬರು ಅಪ್ಪ ಪ್ರತಿ ಬೋರ್ಡನ್ನೂ ಗಟ್ಟಿಯಾಗಿ ಓದುತ್ತಿದ್ದರು. ಮಗ ಪಾಪ, ಕೈಕಟ್ಟಿ ನಿಂತಿದ್ದ. ನಾನು ನಮ್ಮ ಯಜಮಾನರಿಗೆ ಮೊದಲೇ ಹೇಳಿಟ್ಟಿದ್ದೆ: ಮಕ್ಕಳು ಕೇಳುವವರೆಗೆ ಬಾಯಿ ಬಿಡಬಾರದು. ಇಂಜಿನಿಯರ್ ಆದವರಿಗೆ ಅದು ಸುಲಭವಲ್ಲ, ನೋಡಿದೆನಲ್ಲ!

ರಾಟೆ ಕುರ್ಚಿಯ ಹತ್ತಿರ ಅದರ ಫಲ ಸಿಕ್ಕಿತು. ಕುರ್ಚಿಯಲ್ಲಿ ಕುಳಿತು, ಹಗ್ಗ ಎಳೆದು, ನಮ್ಮನ್ನು ನಾವೇ ಮೇಲೆತ್ತಿಕೊಳ್ಳುವ ಆಟ ಅದು. ಒಂದು ಕುರ್ಚಿಗೆ ರಾಟೆ ಕಡಿಮೆ, ಪಕ್ಕದ್ದಕ್ಕೆ ಜಾಸ್ತಿ. ಮಗಳು ಮೊದಲನೆಯದರಲ್ಲಿ ಹಲ್ಲು ಕಚ್ಚಿ ಎಳೆದಳು. ಎರಡನೆಯದರಲ್ಲಿ ನಗುತ್ತಾ ಮೇಲೆ ಹೋದಳು. ಇಳಿದಳು, ಮತ್ತೆ ಮೊದಲನೆಯದಕ್ಕೆ ಹೋದಳು, ಮತ್ತೆ ಎರಡನೆಯದಕ್ಕೆ ಬಂದಳು. ಹಿಂದೆ ಸಾಲು ಇರಲಿಲ್ಲ, ಹಾಗಾಗಿ ಸುಮ್ನೆ ಬಿಟ್ಟೆವು. ಕೊನೆಗೆ ಅವಳೇ ಹೇಳಿದಳು, "ಅಮ್ಮಾ, ಇದ್ರಲ್ಲಿ ಭಾರ ಕಮ್ಮಿ. ಆದ್ರೆ ಹಗ್ಗ ತುಂಬಾ ಎಳೀಬೇಕು. ಎಳೆದಷ್ಟು ಮೇಲೆ ಹೋಗುದಿಲ್ಲ."

ಅಷ್ಟೇ ವಿಷಯ! ಬಲ ಅರ್ಧವಾದರೆ ಹಗ್ಗ ಎರಡರಷ್ಟು ಎಳೆಯಬೇಕು. ಪುಕ್ಕಟೆಯಾಗಿ ಏನೂ ಸಿಗುವುದಿಲ್ಲ. ಅತ್ತೆ ತಕ್ಷಣ, "ನಮ್ಮ ಬಾವಿ ರಾಟೆ ಹಾಗಲ್ಲ, ಕೊಡದ ಭಾರ ಪೂರ್ತಿ ನನ್ನ ಕೈಗೇ ಬರ್ತಿತ್ತು" ಎಂದರು. ಅವರು ಹೇಳಿದ್ದು ಸರಿ. ಬಾವಿಕಟ್ಟೆಯ ಒಂಟಿ ರಾಟೆ ಒಂದೇ ಕಡೆ ಗಟ್ಟಿಯಾಗಿ ನಿಂತಿರುತ್ತದೆ. ಅದು ಭಾರ ಕಡಿಮೆ ಮಾಡುವುದಿಲ್ಲ. ಮೇಲೆ ಎಳೆಯುವ ಬದಲು ಕೆಳಗೆ ಎಳೆಯಲು ಅನುಕೂಲ ಮಾಡಿಕೊಡುತ್ತದೆ, ಅಷ್ಟೆ. ಭಾರದ ಜೊತೆಗೇ ಮೇಲೇರುವ ರಾಟೆ ಇದ್ದರೆ ಮಾತ್ರ ಕೈ ಹಗುರ. ಇವರು ಆಗ ಬಾಯಿ ತೆರೆದರು. ಆದರೆ ಈಗ ಮಗಳೇ ಮಾತು ತೆಗೆದಿದ್ದಳಲ್ಲ, ಹಾಗಾಗಿ ನಾನು ತಡೆಯಲಿಲ್ಲ.

ಮಗನನ್ನು ಹಿಡಿದದ್ದು ಪಿಸುಮಾತಿನ ತಟ್ಟೆಗಳು. ದೂರ ದೂರ ಎದುರುಬದುರು ನಿಲ್ಲಿಸಿದ ಎರಡು ದೊಡ್ಡ ಬಟ್ಟಲಿನಂಥ ತಟ್ಟೆಗಳು. ಒಂದರ ಮುಂದೆ ಸರಿಯಾದ ಜಾಗದಲ್ಲಿ ಮೆಲ್ಲಗೆ ಮಾತಾಡಿದರೆ, ಆ ಸದ್ದು ಬಟ್ಟಲಿಗೆ ತಾಗಿ ನೇರವಾಗಿ ಸಾಗುತ್ತದೆ. ಎದುರಿನ ಬಟ್ಟಲು ಅದನ್ನು ಮತ್ತೆ ಒಂದೇ ಕಡೆ ಕೂಡಿಸುತ್ತದೆ. ಕಿವಿ ಅಲ್ಲಿಟ್ಟರೆ ಪಕ್ಕದಲ್ಲೇ ನಿಂತು ಹೇಳಿದ ಹಾಗೆ ಕೇಳುತ್ತದೆ. ಆ ಕಡೆಯಿಂದ ಅತ್ತೆ ತುಳುವಿನಲ್ಲಿ, "ವಣಸ್ ಆಂಡಾ?" ಎಂದರು. ಇವನು ಬೆಚ್ಚಿ ಹಿಂದೆ ತಿರುಗಿ ನೋಡಿದ. ಹಿಂದೆ ಅಜ್ಜಿ ಇಲ್ಲ. ಆಮೇಲೆ ಅಲ್ಲಿಂದ ಅವನನ್ನು ಎಬ್ಬಿಸಲಿಕ್ಕೇ ಆಗಲಿಲ್ಲ. ಸಿಕ್ಕಿದವರಿಗೆಲ್ಲ ಊಟ ಆಯಿತಾ ಎಂದು ಕೇಳುತ್ತಾ ನಿಂತ.

ಒಳಗಿನ ಬಾಕಿ ಪ್ರದರ್ಶನಗಳಲ್ಲಿ ಅರ್ಧವನ್ನೂ ನಾವು ನೋಡಿಲ್ಲ. ಬೇಸರವೂ ಇಲ್ಲ.

ಸ್ವಾಮಿ ವಿವೇಕಾನಂದ ತಾರಾಲಯಕ್ಕೆ ಮಗಳು ಮತ್ತು ಇವರು ಮಾತ್ರ ಹೋದರು. 2018ರಲ್ಲಿ ಶುರುವಾದ ಇದು 3ಡಿ, 8ಕೆ (ಅಂದರೆ ಚಿತ್ರ ತುಂಬಾ ಸ್ಪಷ್ಟವಾಗಿ ಕಾಣುವ) ತಾರಾಲಯ. ಗುಮ್ಮಟ 18 ಮೀಟರ್ ಅಗಲ. ಕತ್ತಲೆ, ದೊಡ್ಡ ಸದ್ದು, ಮೂಗಿನಿಂದ ಜಾರುವ ಕನ್ನಡಕ, ಇವೆಲ್ಲ ಮಗನಿಗೆ ಆಗುವುದಿಲ್ಲ ಎಂದು ನನಗೆ ಗೊತ್ತಿತ್ತು. ನಾವು ಮೂವರು ಹೊರಗೆ ಬನ್ಸ್ ತಿಂದೆವು. ಹಾಗೆ ಪಾಲು ಮಾಡಿಕೊಳ್ಳುವುದಕ್ಕೆ ಸಂಕೋಚ ಬೇಡ. ತಾರಾಲಯಕ್ಕೆ ಹೋಗುವವರು ಮೊದಲು ಶೌಚಾಲಯಕ್ಕೆ ಹೋಗಿ ಬರಲಿ. ಪ್ರದರ್ಶನದ ಹೊತ್ತು ಕೇಳಿಕೊಂಡೇ ಮನೆ ಬಿಡಿ.

ಹೊರಗೆ ಬಂದ ಮಗಳ ತಲೆಯಲ್ಲಿ ಸೂರ್ಯ ಕುಳಿತಿದ್ದ. ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಇರುತ್ತಾನಾ ಎಂದು ದಾರಿಯುದ್ದಕ್ಕೂ ಕೇಳಿದಳು. ದಿನಾಲೂ ಇಲ್ಲ. ನಮ್ಮೂರಿನಲ್ಲಿ ವರ್ಷಕ್ಕೆ ಎರಡೇ ಸಲ, ಏಪ್ರಿಲ್ ಕೊನೆಯ ವಾರದಲ್ಲಿ ಮತ್ತು ಆಗಸ್ಟ್ ಮಧ್ಯದಲ್ಲಿ. ಆಗಸ್ಟಿನಲ್ಲಿ ನಮ್ಮ ಕರಾವಳಿಯ ಮೋಡ ಬಿಟ್ಟರೆ ತಾನೇ! ಏಪ್ರಿಲ್ ಆದರೆ ರಜೆಯೂ ಇರುತ್ತದೆ, ಬಿಸಿಲೂ ಇರುತ್ತದೆ. ಅಂಗಳದಲ್ಲಿ ಪೌಡರ್ ಡಬ್ಬವೊಂದನ್ನು ನೆಟ್ಟಗೆ ನಿಲ್ಲಿಸಿ, 12.15ರಿಂದ ನೆರಳಿನ ತುದಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗಬೇಕು. 12.30ರ ಆಸುಪಾಸಿನಲ್ಲಿ ನೆರಳು ಡಬ್ಬದ ಬುಡಕ್ಕೆ ಸೇರಿಬಿಡುತ್ತದೆ. ಮಕ್ಕಳಿಗೆ ಟೊಪ್ಪಿ ಹಾಕಲು ಮರೆಯಬೇಡಿ.