ಕ್ಯಾನ್ಸರ್ ಆಪರೇಷನ್‌ಗೆ ಮುನ್ನ: ಫೈಲು, ಮಾತ್ರೆ, ಖಾಲಿ ಹೊಟ್ಟೆ

ಆಪರೇಷನ್ ಮುಂದಕ್ಕೆ ಹೋಗುವುದು ಎಷ್ಟೋ ಸಲ ತೀರ ಸಣ್ಣ ಕಾರಣಕ್ಕೆ: ಬಾರದ ಒಂದು ರಿಪೋರ್ಟು, ಹೇಳಲು ಮರೆತ ಒಂದು ಮಾತ್ರೆ, ಬೆಳಿಗ್ಗೆ ಕುಡಿದ ಅರ್ಧ ಲೋಟ ಚಹಾ. ಮೂರನ್ನೂ ಮನೆಯಲ್ಲೇ ಸರಿಮಾಡಿಕೊಳ್ಳಬಹುದು.

ಮೊದಲು ಫೈಲು. ಸ್ಕ್ಯಾನಿನ ವರದಿ ಮಾತ್ರ ಒಯ್ದರೆ ಸಾಲದು. ಗಡ್ಡೆ ರಕ್ತನಾಳಕ್ಕೆ ಎಷ್ಟು ಹತ್ತಿರವಿದೆ ಎಂಬುದನ್ನು ಸರ್ಜನ್ ಚಿತ್ರದಲ್ಲಿ ತಾವೇ ನೋಡಬೇಕು. ಹಾಗಾಗಿ ಸಿಟಿ, ಎಂಆರ್‌ಐಗಳ ಸಿಡಿ ಕೇಳಿ ಪಡೆಯಿರಿ. ತೆರೆಯುತ್ತದೆಯೇ ಎಂದು ಅಲ್ಲೇ ಪರೀಕ್ಷಿಸಿ.

ಬಯಾಪ್ಸಿಯ ವಿಷಯದಲ್ಲಿ ಜನ ಎಡವುವುದು ಹೆಚ್ಚು. ಪರೀಕ್ಷೆಗೆಂದು ಗಡ್ಡೆಯಿಂದ ತೆಗೆದ ಚೂರನ್ನು ಮೇಣದಲ್ಲಿ ಹುದುಗಿಸಿ, ಹೆಬ್ಬೆರಳಿನಗಲದ ಪ್ಲಾಸ್ಟಿಕ್ ಕ್ಯಾಸೆಟ್‌ಗೆ ಕೂರಿಸಿರುತ್ತಾರೆ. ಅದು ಬ್ಲಾಕ್. ಅದರಿಂದ ತೆಳುವಾಗಿ ಕತ್ತರಿಸಿ, ಗಾಜಿಗೆ ಹಚ್ಚಿ ಬಣ್ಣ ಕೊಟ್ಟಿದ್ದು ಸ್ಲೈಡ್. ಬೇರೆ ಆಸ್ಪತ್ರೆಯವರು ಮತ್ತೆ ನೋಡಲು ಸ್ಲೈಡ್ ಸಾಕಾಗಬಹುದು, ಗಡ್ಡೆಯ ಬಗೆ ತಿಳಿಸುವ ಮಾರ್ಕರ್ ಪರೀಕ್ಷೆ ಹೊಸದಾಗಿ ಮಾಡಲು ಬ್ಲಾಕ್ ಬೇಕು. ಲ್ಯಾಬಿನಿಂದ ಎರಡನ್ನೂ ಪಡೆಯುವಾಗ ಅವುಗಳ ಮೇಲಿನ ನಂಬರು ವರದಿಯ ನಂಬರಿಗೆ ಹೊಂದುತ್ತದೆಯೇ ನೋಡಿ. ಬಿಸಿಲಲ್ಲಿ ನಿಂತ ಕಾರಿನಲ್ಲಿ ಬ್ಲಾಕ್ ಬಿಡಬೇಡಿ, ಮೇಣ ಮೆತ್ತಗಾಗುತ್ತದೆ.

ಭೇಟಿಗೆ ಒಬ್ಬರನ್ನು ಜೊತೆಗೆ ಕರೆದೊಯ್ಯಿರಿ. ಬರೆದುಕೊಳ್ಳುವ ಕೆಲಸ ಅವರದು. ಅನುಮತಿ ಕೇಳಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೆ ಇನ್ನೂ ಒಳ್ಳೆಯದು. ಪ್ರಶ್ನೆ ಇಪ್ಪತ್ತಿದ್ದರೂ ಮುಖ್ಯವಾದ ಮೂರನ್ನು ಮೇಲೆ ಬರೆಯಿರಿ. ಈ ಆಪರೇಷನ್ ಗಡ್ಡೆಯನ್ನು ಪೂರ್ತಿ ತೆಗೆಯಲೋ, ಹಂತ ತಿಳಿಯಲೋ, ತೊಂದರೆ ತಗ್ಗಿಸಲೋ? ಕೀಮೋ ಅಥವಾ ರೇಡಿಯೇಷನ್ ಮೊದಲೇ ಕೊಡಬೇಕೇ? ಬೇರೆ ಬೇರೆ ತಜ್ಞರು ಸೇರುವ ಟ್ಯೂಮರ್ ಬೋರ್ಡಿನಲ್ಲಿ ಚರ್ಚೆಯಾಗಿದೆಯೇ? ಮುಂದೆ ಮಕ್ಕಳು ಬೇಕೆನ್ನುವವರು ಅಂಡಾಣು ಅಥವಾ ವೀರ್ಯ ಸಂಗ್ರಹದ ಮಾತನ್ನು ಚಿಕಿತ್ಸೆ ಶುರುವಾಗುವ ಮುಂಚೆಯೇ ಎತ್ತಬೇಕು, ಆಮೇಲೆ ತಡವಾಗಿರುತ್ತದೆ.

ಇನ್ನು ಮಾತ್ರೆ. ಪಟ್ಟಿ ಬರೆಯುವ ಬದಲು ಎಲ್ಲ ಸ್ಟ್ರಿಪ್‌ಗಳನ್ನೂ ಒಂದು ಚೀಲಕ್ಕೆ ಹಾಕಿ ಅರಿವಳಿಕೆ ತಜ್ಞರ ಮುಂದಿಡುವುದು ವಾಸಿ. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅನ್ನು ಸಾಮಾನ್ಯವಾಗಿ 5 ದಿನ ಮೊದಲು ನಿಲ್ಲಿಸುತ್ತಾರೆ. ಆದರೆ ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಅದೇ ಕೆಲಸದ ಇನ್ನೊಂದು ಮಾತ್ರೆ ಕ್ಲೋಪಿಡೋಗ್ರೆಲ್ ಅನ್ನು ತಾವಾಗಿ ನಿಲ್ಲಿಸಿದರೆ ಸ್ಟೆಂಟಿನಲ್ಲೇ ರಕ್ತ ಹೆಪ್ಪುಗಟ್ಟಬಹುದು. ಅದು ಹೃದ್ರೋಗ ತಜ್ಞರು ಹೇಳಬೇಕಾದ ಮಾತು. ಸಕ್ಕರೆ ಕಾಯಿಲೆಗೆ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ನುಂಗುವವರಿಗೆ 3 ದಿನ ಮೊದಲು ಬಿಡಲು ಹೇಳುತ್ತಾರೆ. ಉಪವಾಸದಲ್ಲಿ ಇವು ರಕ್ತವನ್ನು ಆಮ್ಲೀಯಗೊಳಿಸಬಲ್ಲವು, ಗ್ಲೂಕೋಮೀಟರ್ ಮಾತ್ರ ಏನೂ ಆಗಿಲ್ಲವೆಂಬಂತೆ ಸಕ್ಕರೆಯ ಮಾಮೂಲಿ ಅಂಕಿಯನ್ನೇ ತೋರಿಸುತ್ತಿರಬಹುದು. ಸಕ್ಕರೆ ಕಾಯಿಲೆಗೂ ತೂಕ ಇಳಿಸಲೂ ಕೊಡುವ ಸೆಮಾಗ್ಲುಟೈಡ್ ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ, ಅದನ್ನೂ ತಪ್ಪದೆ ಹೇಳಿ. ಗಿಡಮೂಲಿಕೆ ಪುಡಿ, ಬೆಳ್ಳುಳ್ಳಿ ಕ್ಯಾಪ್ಸೂಲ್‌ಗಳನ್ನು ಯಾರೂ ಔಷಧಿಯೆಂದು ಎಣಿಸುವುದಿಲ್ಲ, ಅದೇ ತೊಂದರೆ: ಕೆಲವು ರಕ್ತಸ್ರಾವ ಹೆಚ್ಚಿಸುತ್ತವೆ.

ಸಿಗರೇಟು ಬಿಡಲು 4 ವಾರ ಸಿಕ್ಕರೆ ಶ್ವಾಸಕೋಶಕ್ಕೂ ಗಾಯ ಮಾಯುವುದಕ್ಕೂ ಒಳ್ಳೆಯದು. ಅಷ್ಟು ಸಮಯವಿಲ್ಲದಿದ್ದರೂ ಇಂದೇ ಬಿಡಿ.

ಮೂರು ಚೆಂಡುಗಳ ಉಸಿರಾಟದ ಸಾಧನ ಕೊಟ್ಟರೆ ಆಪರೇಷನ್‌ಗೆ ಮೊದಲೇ ಕಲಿತುಕೊಳ್ಳಿ. ಬಹಳ ಜನ ಅದರೊಳಗೆ ಊದುತ್ತಾರೆ. ಊದಬಾರದು, ಉಸಿರನ್ನು ಪೂರ್ತಿ ಹೊರಬಿಟ್ಟು, ಕೊಳವೆಗೆ ತುಟಿ ಬಿಗಿದು, ನಿಧಾನವಾಗಿ ಒಳಗೆಳೆದು, ಎರಡು ಮೂರು ಸೆಕೆಂಡು ಹಿಡಿದು ಬಿಡಬೇಕು. ಗಾಯದ ನೋವಿನಲ್ಲಿ ಮೊದಲ ಸಲ ಕಲಿಯುವುದು ಕಷ್ಟ.

ಹಿಂದಿನ ರಾತ್ರಿ ಆಪರೇಷನ್ ಆಗುವ ಜಾಗದ ಕೂದಲನ್ನು ಬ್ಲೇಡಿನಿಂದ ಬೋಳಿಸಬೇಡಿ. ಕಣ್ಣಿಗೆ ಕಾಣದ ಗೀರುಗಳಿಂದ ಸೋಂಕು ಹತ್ತುತ್ತದೆ. ಬೇಕಿದ್ದರೆ ಆಸ್ಪತ್ರೆಯಲ್ಲೇ ಕ್ಲಿಪ್ಪರ್‌ನಿಂದ ಕತ್ತರಿಸುತ್ತಾರೆ. ನೇಲ್ ಪಾಲಿಶ್ ತೆಗೆಯಿರಿ, ಆಮ್ಲಜನಕ ಅಳೆಯುವ ಕ್ಲಿಪ್ಪಿನ ಬೆಳಕು ಉಗುರಿನ ಮೂಲಕವೇ ಹಾಯಬೇಕು.

ಉಪವಾಸದ ಲೆಕ್ಕ ಇಷ್ಟು: ಎಣ್ಣೆ ಜಿಡ್ಡಿನ ಊಟಕ್ಕೆ 8 ಗಂಟೆ, ಹಗುರ ಆಹಾರಕ್ಕೂ ಹಾಲಿಗೂ 6, ನೀರಿಗೆ 2. ನಿಮ್ಮ ಅರಿವಳಿಕೆ ತಜ್ಞರು ಬೇರೆ ಹೇಳಿದರೆ ಅದೇ ಅಂತಿಮ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಹೊಟ್ಟೆಯಲ್ಲಿ ಹಾಲು ಗಟ್ಟಿಯಾಗುತ್ತದೆ, ಅರಿವಳಿಕೆಯಲ್ಲಿ ವಾಂತಿಯಾದರೆ ಶ್ವಾಸಕೋಶಕ್ಕೆ ಹೋಗಬಹುದು. ತಪ್ಪಿ ಕುಡಿದಿದ್ದರೆ ಮುಚ್ಚಿಡದೆ, ಎಷ್ಟು ಗಂಟೆಗೆ ಕುಡಿದಿರಿ ಎಂಬುದನ್ನು ಥಿಯೇಟರಿಗೆ ಹೋಗುವ ಮುಂಚೆಯೇ ನರ್ಸ್‌ಗೆ ಹೇಳಿ. ಹಿಂದಿನ ದಿನ ಜ್ವರವೋ ಕಫದ ಕೆಮ್ಮೋ ಬಂದರೆ ಬೆಳಿಗ್ಗೆವರೆಗೆ ಕಾಯದೆ ಆಗಲೇ ಫೋನ್ ಮಾಡಿ.