ಓಟೈ ಮೇಸಾ ಬಂಧನ ಕೇಂದ್ರದಲ್ಲಿ ನಿಮ್ಮವರಿದ್ದರೆ ಏನು ಮಾಡಬೇಕು

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ಕೌಂಟಿಯಲ್ಲಿ, ಮೆಕ್ಸಿಕೊ ಗಡಿಗೆ ತೀರ ಸಮೀಪದಲ್ಲಿರುವ ಓಟೈ ಮೇಸಾ ಬಂಧನ ಕೇಂದ್ರವು 2015ರಲ್ಲಿ ಆರಂಭವಾಯಿತು. ಅದನ್ನು ನಡೆಸುವುದು ಕೋರ್‌ಸಿವಿಕ್ ಎಂಬ ಖಾಸಗಿ ಕಂಪನಿ. ಕಾವಲು, ಊಟ, ಭೇಟಿಯ ಏರ್ಪಾಡು ಕಂಪನಿಯದಾದರೂ, ವಲಸೆ ಪ್ರಕರಣದಲ್ಲಿ ಯಾರನ್ನು ಇರಿಸಿಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ತೀರ್ಮಾನಿಸುವುದು 'ಐಸ್' ಎಂಬ ಸರ್ಕಾರಿ ಸಂಸ್ಥೆ ಮತ್ತು ವಲಸೆ ನ್ಯಾಯಾಲಯ. ಹಾಗಾಗಿ ಬಿಡುಗಡೆ ಯಾವಾಗ ಎಂದು ಕೇಂದ್ರದ ಸಿಬ್ಬಂದಿಯನ್ನು ಕೇಳಿ ಪ್ರಯೋಜನವಿಲ್ಲ.

ಮೊದಲು ಐಸ್‌ನ ಆನ್‌ಲೈನ್ ಹುಡುಕಾಟದಲ್ಲಿ ನಿಮ್ಮವರು ಎಲ್ಲಿದ್ದಾರೆಂದು ಖಚಿತಪಡಿಸಿಕೊಳ್ಳಿ. ವಲಸೆ ಕಾಗದಪತ್ರಗಳಲ್ಲಿ 'ಎ' ಅಕ್ಷರದಿಂದ ಆರಂಭವಾಗುವ ಎ-ನಂಬರ್ ಮತ್ತು ಹುಟ್ಟಿದ ದೇಶವನ್ನು ಕೊಟ್ಟರೆ ಸಾಕು. ಸಂಖ್ಯೆಯಲ್ಲಿ 9 ಅಂಕಿಗಳಿಲ್ಲದಿದ್ದರೆ ಆರಂಭದಲ್ಲಿ ಸೊನ್ನೆ ಸೇರಿಸಬೇಕು. ಎ-ನಂಬರ್ ಗೊತ್ತಿಲ್ಲದಿದ್ದರೆ ಹೆಸರಿನಿಂದ ಹುಡುಕಬಹುದಾದರೂ ನಮ್ಮವರಿಗೆ ತೊಡಕಾಗುವುದು ಇಲ್ಲಿಯೇ, ಏಕೆಂದರೆ ಹೆಸರು ಐಸ್‌ನ ದಾಖಲೆಯಲ್ಲಿರುವಂತೆಯೇ ಅಕ್ಷರಶಃ ಹೊಂದಬೇಕು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರನ್ನು ಅಮೆರಿಕದ ದಾಖಲೆಗಳಲ್ಲಿ ಮೊದಲ ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' (FNU, ಅಂದರೆ 'ಮೊದಲ ಹೆಸರು ತಿಳಿದಿಲ್ಲ') ಎಂದು ನಮೂದಿಸುವುದುಂಟು. ಇನಿಷಿಯಲ್ ಬಿಡಿಸಿ ಬರೆದ ರೂಪ, ಊರಿನ ಹೆಸರು ಅಡ್ಡಹೆಸರಾದ ರೂಪ, ಎಲ್ಲವನ್ನೂ ಒಂದೊಂದಾಗಿ ಪ್ರಯತ್ನಿಸಿ. 18 ವರ್ಷದೊಳಗಿನವರು ಈ ಹುಡುಕಾಟದಲ್ಲಿ ಸಿಗುವುದಿಲ್ಲ.

ವಲಸೆ ನ್ಯಾಯಾಲಯದಲ್ಲಿ ವಕೀಲರನ್ನು ಹೊಂದುವ ಹಕ್ಕಿದೆ, ಆದರೆ ಅವರ ಶುಲ್ಕವನ್ನು ಸರ್ಕಾರ ಭರಿಸುವುದಿಲ್ಲ. ನ್ಯಾಯಾಲಯವೇ ಕೊಡುವ ಉಚಿತ ಕಾನೂನು ಸೇವೆಗಳ ಪಟ್ಟಿಯಿಂದ ಆರಂಭಿಸಿ. ದುಭಾಷಿಯ ವೆಚ್ಚ ಮಾತ್ರ ನ್ಯಾಯಾಲಯದ್ದು. ಕನ್ನಡವೇ ಬೇಕೆಂದು ಮೊದಲ ವಿಚಾರಣೆಯಲ್ಲೇ ಹೇಳುವುದು ಒಳ್ಳೆಯದು. ಅರ್ಧಂಬರ್ಧ ಗೊತ್ತಿರುವ ಹಿಂದಿಗೆ ಸಂಕೋಚದಿಂದ ಒಪ್ಪಿಕೊಂಡರೆ ಹೇಳಿಕೆಯೇ ಕೆಡಬಹುದು.

ಜಾಮೀನು ಸಿಕ್ಕರೆ ಮೊತ್ತ ಕನಿಷ್ಠ 1,500 ಡಾಲರ್. ನ್ಯಾಯಾಧೀಶರು ಹೆಚ್ಚು ನಿಗದಿಪಡಿಸಬಹುದು. ತಪಾಸಣೆಯಿಲ್ಲದೆ ಗಡಿ ದಾಟಿದವರು ಜಾಮೀನಿಗೆ ಅರ್ಹರೇ ಎಂಬುದು 2025ರಿಂದ ತೀವ್ರ ಕಾನೂನು ವಿವಾದವಾಗಿರುವುದರಿಂದ, ಹಣ ಹೊಂದಿಸುವ ಮೊದಲು ವಕೀಲರ ಅಭಿಪ್ರಾಯ ಪಡೆಯಿರಿ.

ಒಳಗಿನಿಂದ ಬರುವ ಸಾಮಾನ್ಯ ಕರೆಗಳನ್ನು ಕೇಳಿಸಿಕೊಳ್ಳುವ ಸಾಧ್ಯತೆಯಿರುವುದರಿಂದ, ಗಡಿ ದಾಟಿದ್ದು ಹೇಗೆ ಎಂಬಂಥ ಮಾತು ಫೋನಿನಲ್ಲಿ ಬೇಡ. ಭೇಟಿಗೆ ಹೋಗುವವರು ಭಾವಚಿತ್ರವಿರುವ ಗುರುತಿನ ಚೀಟಿಯನ್ನು ಒಯ್ಯಬೇಕು. ತಮ್ಮದೇ ವೀಸಾ ಸರಿಯಿಲ್ಲದವರು ಹೋಗದಿರುವುದೇ ಕ್ಷೇಮ. ಭಾರತೀಯ ಪ್ರಜೆಯಾದರೆ ದೂತಾವಾಸಕ್ಕೆ ತಿಳಿಸುವಂತೆ ಕೋರುವ ಹಕ್ಕು ಬಂಧಿತರಿಗೆ ವಿಯೆನ್ನಾ ಒಪ್ಪಂದದ 36ನೇ ವಿಧಿಯಡಿ ಇದೆ. ಆಶ್ರಯ ಕೋರುವವರು ಈ ಬಗ್ಗೆ ಮೊದಲು ವಕೀಲರನ್ನು ಕೇಳಲಿ. ಬಂಧಿತರನ್ನು ಬೇರೆ ರಾಜ್ಯಕ್ಕೆ ದಿಢೀರನೆ ಸಾಗಿಸುವುದುಂಟು, ಆದ್ದರಿಂದ ಪ್ರತಿ ಭೇಟಿಗೂ ಹೊರಡುವ ಮುನ್ನ ಎ-ನಂಬರ್ ಹಾಕಿ ಮತ್ತೊಮ್ಮೆ ನೋಡಿ.